ಹೇಳದೆ ಕೆಲಸ ಬಿಟ್ಟರೆ ಗ್ರಾಚ್ಯುಟಿ ಹೋಗುತ್ತಾ?

ಪ್ರಶ್ನೆ (ಗಾರ್ಮೆಂಟ್ಸ್ ಟೈಲರ್, ಮೈಸೂರು ರಸ್ತೆ):
ಮೇಡಂ ನಮಸ್ತೆ. 2018ರ ಜೂನ್‌ನಿಂದ 2025ರ ಫೆಬ್ರವರಿ ಕೊನೆ ತನಕ ಒಂದೇ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಅತ್ತೆಗೆ ಹುಷಾರಿಲ್ಲದೆ ದಿಢೀರನೆ ಬಿಡಬೇಕಾಯಿತು, ನೋಟಿಸ್ ಕೊಡಲು ಆಗಲಿಲ್ಲ. ಪಿಎಫ್ ಬಂತು. ಗ್ರಾಚ್ಯುಟಿ ಕೇಳಿದರೆ ಎಚ್‌ಆರ್‌ನವರು "ಹೇಳದೆ ಬಿಟ್ಟೆ, ನಿನಗೆ ಬರಲ್ಲ" ಅನ್ನುತ್ತಾರೆ. ನಡುವೆ ಹೆರಿಗೆ ರಜೆ ತಗೊಂಡಿದ್ದನ್ನೂ ಕಳೆಯಬೇಕಂತೆ. ಕೊನೆಯ ಸಂಬಳ ಬೇಸಿಕ್, ಡಿಎ ಸೇರಿ 13,000. ನಿಜವಾಗಲೂ ಏನೂ ಬರಲ್ವಾ?

ಉತ್ತರ (ಕಾರ್ಮಿಕ ಕಾನೂನು ವಕೀಲೆ):
ಬರುತ್ತೆ ಅಕ್ಕ. ಗ್ರಾಚ್ಯುಟಿ ಅಂದರೆ ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಹಣ. ನೋಟಿಸ್ ಕೊಡಲಿಲ್ಲ ಅನ್ನೋದು ಗ್ರಾಚ್ಯುಟಿ ತಡೆಯಲು ಕಾರಣವೇ ಅಲ್ಲ. ಕಂಪನಿಯೇ ಕೆಲಸದಿಂದ ತೆಗೆದಿರಬೇಕು, ಅದೂ ಗಲಾಟೆ ಹೊಡೆದಾಟಕ್ಕೋ, ಕೆಲಸದಲ್ಲಿದ್ದಾಗ ಮಾಡಿದ ಕಳ್ಳತನ ಮೋಸದಂಥ ಅಪರಾಧಕ್ಕೋ, ಇಲ್ಲಾ ಬೇಕಂತಲೇ ಅಥವಾ ಅಜಾಗ್ರತೆಯಿಂದ ಕಂಪನಿ ಆಸ್ತಿ ಹಾಳುಮಾಡಿದ್ದಕ್ಕೋ, ಆಗ ಮಾತ್ರ ತಡೆಯಬಹುದು. ಆಸ್ತಿ ಹಾಳಾದ ಕೇಸಲ್ಲೂ ಎಷ್ಟು ನಷ್ಟವೋ ಅಷ್ಟೇ ಹಿಡಿಯಬೇಕು. ನೋಟಿಸ್ ಪೇ ಬಗ್ಗೆ ಅವರಿಗೆ ತಕರಾರಿದ್ದರೆ ಅದು ಬೇರೆ ಲೆಕ್ಕ, ಗ್ರಾಚ್ಯುಟಿಗೆ ಕೈ ಹಾಕುವ ಹಾಗಿಲ್ಲ.

ಹೆರಿಗೆ ರಜೆ 26 ವಾರದವರೆಗೆ ಸರ್ವಿಸ್‌ಗೆ ಸೇರುತ್ತೆ. ಕಳೆಯಲು ಬರಲ್ಲ.

ಈಗ ಲೆಕ್ಕ. ನೀವು ಬಿಟ್ಟಾಗ 1972ರ ಗ್ರಾಚ್ಯುಟಿ ಕಾಯ್ದೆ ಇತ್ತು, ಅದರ ಪ್ರಕಾರವೇ ಹೋಗೋಣ. ವಾರದ ರಜೆ ಬಿಟ್ಟು ತಿಂಗಳಿಗೆ 26 ದಿನ ಅಂತ ಹಿಡಿಯುತ್ತಾರೆ. 13,000 ಭಾಗಿಸು 26, ದಿನಕ್ಕೆ 500. ವರ್ಷಕ್ಕೆ 15 ದಿನದ ಸಂಬಳ, ಅಂದರೆ 7,500. ನಿಮ್ಮದು ಆರು ವರ್ಷ ಸುಮಾರು ಎಂಟು ತಿಂಗಳು. ಆರು ತಿಂಗಳು ದಾಟಿದ್ದರೆ ಪೂರ್ತಿ ವರ್ಷ ಅಂತಲೇ ಲೆಕ್ಕ, ಹಾಗಾಗಿ ಏಳು. ಒಟ್ಟು 52,500 ರೂಪಾಯಿ. 30 ದಿನದೊಳಗೆ ಕೊಡಬೇಕಿತ್ತು, ತಡವಾದ್ದಕ್ಕೆ ವರ್ಷಕ್ಕೆ ಶೇ. 10ರ ಸರಳ ಬಡ್ಡಿಯನ್ನೂ ಕೇಳಿ.

ಮೊದಲು ಫಾರಂ 'ಐ' ತುಂಬಿ ಕಂಪನಿಗೆ ಕೊಡಿ. ಅದಕ್ಕೂ 30 ದಿನದ ಗಡುವಿದೆ, ಆದರೆ ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಹಕ್ಕು ಹೋಗಲ್ಲ. ತಡ ಯಾಕಾಯಿತು ಅಂತ ಎರಡು ಸಾಲು ಬರೆಯಿರಿ. ಕೊಡಲ್ಲ ಅಂದರೆ ಫಾರಂ 'ಎನ್' ತುಂಬಿ ಸಹಾಯಕ ಕಾರ್ಮಿಕ ಆಯುಕ್ತರ ಹತ್ತಿರ ಹೋಗಬೇಕು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ನಿಮ್ಮ ಏರಿಯಾ ಯಾರಿಗೆ ಬರುತ್ತೆ ಅಂತ ಹೇಳುತ್ತಾರೆ.

ಅದೇ ಟೈಲರ್:
ಮೇಡಂ, ಒಂದು ವಿಷಯ ಹೇಳಲಿಲ್ಲ. 2022ರ ಅಕ್ಟೋಬರ್‌ನಲ್ಲಿ ನಮ್ಮ ಬ್ಯಾಚಿನವರನ್ನೆಲ್ಲ ಕರೆದು ಒಂದು ಪೇಪರಿಗೆ ಸೈನ್ ಹಾಕಿಸಿಕೊಂಡರು. ಇಂಗ್ಲಿಷಲ್ಲಿತ್ತು, ಓದಲು ಬರಲಿಲ್ಲ. ನಾಲ್ಕು ದಿನ ಬಿಟ್ಟು ಬನ್ನಿ ಅಂದರು. ಹೋದಾಗ ಹೊಸ ಟೋಕನ್ ನಂಬರ್ ಕೊಟ್ಟರು. ಲೈನ್ ಅದೇ, ಮೆಷಿನ್ ಅದೇ, ಸೂಪರ್‌ವೈಸರ್ ಕೂಡ ಅವರೇ. ದುಡ್ಡೇನೂ ಕೊಡಲಿಲ್ಲ. ಈಗ "ನೀನು ಸೇರಿದ್ದೇ 2022ರಲ್ಲಿ" ಅಂತಾರೆ. ಹಳೆ ಟೋಕನ್ ಕಾರ್ಡ್ ಮಾತ್ರ ನನ್ನ ಹೊಲಿಗೆ ಡಬ್ಬದಲ್ಲಿದೆ.

ಉತ್ತರ:
ಆ ಕಾರ್ಡ್ ಜೋಪಾನ. ಇಂಥ ಕೇಸು ನನ್ನ ಹತ್ತಿರ ತುಂಬಾ ಬಂದಿವೆ, ಪ್ರತಿ ಸಲ ಹೊಟ್ಟೆ ಉರಿಯುತ್ತೆ. ನಿಮಗೆ ಆಗ ನಾಲ್ಕು ವರ್ಷ ನಾಲ್ಕು ತಿಂಗಳಾಗಿತ್ತು, ಐದು ತುಂಬುವ ಮೊದಲೇ ರಾಜೀನಾಮೆ ಅಂತ ಬರೆಸಿಕೊಂಡಿದ್ದಾರೆ.

ಹಾಗಂತ ಸೈನ್ ಆಗಿದೆ, ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಕೆಲಸ ನಿಜವಾಗಿ ನಿಂತಿತ್ತಾ, ಇಲ್ಲಾ ಪೇಪರಿನಲ್ಲಿ ಮಾತ್ರ ನಿಂತಿತ್ತಾ ಅನ್ನೋದೇ ಮುಖ್ಯ ವಾದ. ನಿಮ್ಮ ಯುಎಎನ್ ನಂಬರ್ (ಪಿಎಫ್‌ನವರು ಕೊಟ್ಟ ಗುರುತಿನ ಸಂಖ್ಯೆ) ಹಾಕಿ ಪಿಎಫ್ ವೆಬ್‌ಸೈಟಿನಲ್ಲಿ ಸರ್ವಿಸ್ ಹಿಸ್ಟರಿ ಮತ್ತು ಪಾಸ್‌ಬುಕ್ ಪ್ರಿಂಟ್ ತೆಗೆಸಿ. ಅದೇ ಕಂಪನಿಯಿಂದ ಅಕ್ಟೋಬರ್‌ನಲ್ಲೂ ನವೆಂಬರ್‌ನಲ್ಲೂ ದುಡ್ಡು ಕಟ್ಟಿದ್ದರೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಇಎಸ್‌ಐ ಕಾರ್ಡ್ ಸೇರಿಸಿ. ನಿಮ್ಮ ಬ್ಯಾಚಿನವರು ನಾಲ್ಕೈದು ಜನ ಒಟ್ಟಿಗೆ ಅರ್ಜಿ ಹಾಕಿದರೆ ಇನ್ನೂ ಗಟ್ಟಿ, ಎಲ್ಲರಿಗೂ ಒಂದೇ ವಾರ ನಾಲ್ಕೇ ದಿನದ ಬ್ರೇಕ್ ಬಂದಿದ್ದು ಹೇಗೆ ಅಂತ ಕಂಪನಿಯೇ ಉತ್ತರ ಹೇಳಬೇಕಾಗುತ್ತೆ. ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸಿದ್ದರ ವಿರುದ್ಧ 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಪಿಎಫ್ ಬಗ್ಗೆ ಇರುವ ಆ ತಿಳಿವಳಿಕೆ ಗ್ರಾಚ್ಯುಟಿ ಬಗ್ಗೆಯೂ ಇರಬೇಕು ಅಂತ ನನ್ನ ಆಸೆ.

ಪ್ರಶ್ನೆ (ಬೇಕರಿ ಮಾಲೀಕರು, ತುಮಕೂರು):
ಮೇಡಂ, ಮಾಲೀಕರ ಕಡೆಯಿಂದಲೂ ಒಂದು. ನಮ್ಮಲ್ಲಿ 12 ಜನ ಇದ್ದರು, ಈಗ 9. ಹಾಗಾಗಿ ಕಾನೂನು ಅನ್ವಯಿಸಲ್ಲ ಅಂತ ಅಕೌಂಟೆಂಟ್ ಹೇಳುತ್ತಾರೆ. ಭಟ್ಟಿ ಮಾಸ್ಟರ್ 11 ವರ್ಷ ಇದ್ದು ಈಗ ಊರಿಗೆ ಹೋಗುತ್ತೀನಿ ಅಂತಿದ್ದಾರೆ. ತಿಂಗಳಿಗೆ 18,200 ಕೊಡುತ್ತೀವಿ, ಬೇಸಿಕ್ ಗೀಸಿಕ್ ಅಂತ ಒಡೆದಿಲ್ಲ. ಗ್ರಾಚ್ಯುಟಿ ಬೇಡ ಅಂತ ಸೇರುವಾಗಲೇ ಬರೆದುಕೊಟ್ಟಿದ್ದಾರೆ. ಮೋಸ ಮಾಡುವ ಮನಸ್ಸಿಲ್ಲ, ಎಷ್ಟು ಕೊಡಬೇಕು ಹೇಳಿ.

ಉತ್ತರ:
ನೀವು ಹೀಗೆ ಕೇಳಿದ್ದು ನೋಡಿ ಖುಷಿ ಆಯಿತು ಸರ್. ಒಮ್ಮೆ 10 ಜನ ಮುಟ್ಟಿ ಕಾನೂನು ಅನ್ವಯವಾದರೆ ಆಮೇಲೆ ಜನ ಕಡಿಮೆಯಾದರೂ ಅದು ಮುಂದುವರಿಯುತ್ತೆ. ಬೇಡ ಅಂತ ಬರೆಸಿಕೊಂಡ ಪೇಪರಿಗೆ ಬೆಲೆ ಇಲ್ಲ. ಸಂಬಳ ಒಡೆದಿಲ್ಲ ಅಂದರೆ ಪೂರ್ತಿ 18,200ರ ಮೇಲೇ ಲೆಕ್ಕ. ದಿನಕ್ಕೆ 700, ವರ್ಷಕ್ಕೆ 10,500, ಹನ್ನೊಂದು ವರ್ಷಕ್ಕೆ 1,15,500 ರೂಪಾಯಿ.

ಒಂದೇ ಸಲಕ್ಕೆ ಭಾರ ಅನ್ನಿಸುತ್ತೆ, ಗೊತ್ತು. ಉಳಿದವರಿಗೆ ಈಗಿನಿಂದಲೇ ತಿಂಗಳ ಸಂಬಳದ ಶೇ. 4.81ರಷ್ಟು ಬೇರೆ ತೆಗೆದಿಡಿ. 18,200ಕ್ಕೆ 875 ರೂಪಾಯಿ ಅಷ್ಟೇ. ಸಂಬಳ ಏರಿಸಿದಾಗ ಹಳೆ ವರ್ಷಗಳಿಗೂ ಹೊಸ ಸಂಬಳದ ಲೆಕ್ಕವೇ ಬರುತ್ತೆ, ಅದಕ್ಕೆ ಸ್ವಲ್ಪ ಜಾಸ್ತಿಯೇ ಇಡಿ. ಎಲ್‌ಐಸಿಯಲ್ಲಿ ಗುಂಪು ಗ್ರಾಚ್ಯುಟಿ ಯೋಜನೆ ಇದೆ, ಅದನ್ನೂ ವಿಚಾರಿಸಿ. ಕೆಲಸದಲ್ಲಿರುವಾಗ ಯಾರಾದರೂ ತೀರಿಕೊಂಡರೆ ಐದು ವರ್ಷದ ಷರತ್ತೂ ಇರಲ್ಲ, ಮನೆಯವರಿಗೆ ಕೊಡಲೇಬೇಕು. ದುಡ್ಡು ಮೊದಲೇ ಸಿದ್ಧವಿದ್ದರೆ ಅಂಥ ಹೊತ್ತಿನಲ್ಲಿ ಅವರನ್ನು ಓಡಾಡಿಸುವುದು ತಪ್ಪುತ್ತೆ.

ಪ್ರಶ್ನೆ (ಐಟಿ, ಬೆಂಗಳೂರು):
ಹೊಸ ಕಾನೂನಿನಲ್ಲಿ ಒಂದೇ ವರ್ಷಕ್ಕೆ ಎಲ್ಲರಿಗೂ ಗ್ರಾಚ್ಯುಟಿ ಅಂತ ವಾಟ್ಸಾಪಲ್ಲಿ ಬಂತು. ಹೌದಾ?

ಉತ್ತರ:
ಎಲ್ಲರಿಗೂ ಅಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಂಪನಿಯೇ ನೇರವಾಗಿ ಇಂತಿಷ್ಟು ಅವಧಿಗೆ ಅಂತ ಬರೆದುಕೊಂಡು ತೆಗೆದುಕೊಂಡವರಿಗೆ ಒಂದು ವರ್ಷ ಸಾಕು. ಕಾಯಂ ನೌಕರರಿಗೆ ಐದು ವರ್ಷವೇ. ಇನ್ನೊಂದು, ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗ ವೇತನಕ್ಕೆ ಸೇರುತ್ತೆ. ಬೇಸಿಕ್ ಕಡಿಮೆ ತೋರಿಸಿದ ಕಡೆ ಇದರಿಂದ ಗ್ರಾಚ್ಯುಟಿ ಏರುತ್ತೆ.

ಅದೇ ಟೈಲರ್:
ಮೇಡಂ, ಮಗ ಸರ್ವಿಸ್ ಹಿಸ್ಟರಿ ತೆಗೆದುಕೊಟ್ಟ. ಅಕ್ಟೋಬರ್ 14ಕ್ಕೆ ಬಿಟ್ಟಿದ್ದು, 19ಕ್ಕೆ ಸೇರಿದ್ದು ಅಂತಿದೆ, ಕಂಪನಿ ಹೆಸರು ಎರಡೂ ಕಡೆ ಒಂದೇ. ಮೂರು ಜನ ನನ್ನ ಜೊತೆ ಬರುತ್ತಾರಂತೆ. ಸೋಮವಾರ ಫಾರಂ ಕೊಡಲು ಹೋಗುತ್ತೀವಿ. ಗೇಟಿನಲ್ಲೇ ತಡೆದರೆ?

ಉತ್ತರ:
ಜಗಳ ಬೇಡ, ವಾಪಸ್ ಬನ್ನಿ. ಹತ್ತಿರದ ಪೋಸ್ಟ್ ಆಫೀಸಿನಿಂದ ನಾಲ್ಕೂ ಜನ ಬೇರೆ ಬೇರೆಯಾಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಒಳಗೆ ತಗೊಂಡರೆ ನಿಮ್ಮ ಕಾಪಿ ಮೇಲೆ ಸೀಲು, ಸೈನ್, ತಾರೀಖು ಹಾಕಿಸಿಕೊಳ್ಳಿ. ಟೋಕನ್ ಕಾರ್ಡಿನ ಜೆರಾಕ್ಸ್ ಮಾತ್ರ ಕೊಡಿ, ಅಸಲು ಯಾರ ಕೈಗೂ ಕೊಡಬೇಡಿ.