ಪೋರ್ಟಿಕೊ ಸ್ಲ್ಯಾಬ್ ಅಡಿಯಲ್ಲಿ ಬಿಳಿ ಕಡ್ಡಿ, ಪಕ್ಕದಲ್ಲಿ ತುಕ್ಕಿನ ಗೆರೆ: ಏನು ಮಾಡೋದು?

ಮಳೆಮನೆ: ಸಾಗರದ ಹತ್ತಿರ ನಮ್ಮದು ಹಳೇ ಆರ್‌ಸಿಸಿ ಮನೆ. ಪೋರ್ಟಿಕೊ ಸ್ಲ್ಯಾಬಿನ ಅಡಿಯಲ್ಲಿ ಬೆರಳುದ್ದದ ಬಿಳಿ ಕಡ್ಡಿಗಳು ಇಳಿಬಿದ್ದಿವೆ. ಒಳಗೆ ಟೊಳ್ಳು, ಮುಟ್ಟಿದರೆ ಪುಡಿ. ಹೋದ ವಾರ ಅಂಗೈ ಅಗಲದ ಗಾರೆ ಕಳಚಿ ಬಿತ್ತು. ಮೇಸ್ತ್ರಿ ಕೆಳಗಿಂದ ಸಿಮೆಂಟ್ ಮೆತ್ತಿ ಪುಟ್ಟಿ ಹೊಡೆದರೆ ಆಯ್ತು ಅಂತಾರೆ. ಮಾಡಿಸಲಾ?

ಸೈಟ್‌ಮನುಷ್ಯ: ಬೇಡ ಸರ್. ನೀರು ಬರ್ತಿರೋದು ಮೇಲಿಂದ. ಕೆಳಗೆ ಮೆತ್ತಿದರೆ ಕಣ್ಣಿಗೆ ಮರೆಯಾಗುತ್ತೆ ಅಷ್ಟೇ.

ಆ ಕಡ್ಡಿಯ ಪುಡಿಗೆ ಎರಡು ಹನಿ ನಿಂಬೆರಸ ಹಾಕಿ ನೋಡಿ. ನೊರೆ ಬಂದರೆ ಅದು ಸ್ಲ್ಯಾಬಿನೊಳಗಿನ ಸುಣ್ಣ. ಮಳೆನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ಸಿಮೆಂಟಿನ ಸುಣ್ಣವನ್ನು ಚೆನ್ನಾಗಿ ಕರಗಿಸಿಕೊಂಡು ಇಳಿಯುತ್ತೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ತಾಗಿ ಅಲ್ಲೇ ಗಟ್ಟಿಯಾಗುತ್ತೆ. ಗುಹೆಗಳಲ್ಲೂ ಇಂಥವು ಬೆಳೆಯುತ್ತವೆ, ಕಾಂಕ್ರೀಟಿನಲ್ಲಿ ಬೇಗ ಬೆಳೆಯುತ್ತವೆ ಅಷ್ಟೇ.

ನನಗೆ ಹೆದರಿಕೆ ಬಿಳಿಯದ್ದಲ್ಲ, ಕಂದು ಗೆರೆಯದ್ದು. ಒಳ್ಳೆ ಕಾಂಕ್ರೀಟಿನ ಪಿಎಚ್ (ಕ್ಷಾರದ ಅಳತೆ) 12ರ ಮೇಲಿರುತ್ತೆ, ಅದರೊಳಗೆ ಕಂಬಿ ತುಕ್ಕು ಹಿಡಿಯಲ್ಲ. ಸುಣ್ಣ ಹೋಗಿ, ಗಾಳಿ ಒಳಹೊಕ್ಕು ಪಿಎಚ್ 9ರ ಹತ್ತಿರ ಇಳಿದರೆ ಆ ರಕ್ಷಣೆ ಮುಗೀತು. ತುಕ್ಕಿಗೆ ಕಬ್ಬಿಣದ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಬೇಕು. ಅದೇ ಒಳಗಿಂದ ನೂಕಿ ಗಾರೆ ಬೀಳಿಸಿದ್ದು.

ಕರಾವಳಿ_ಕಟ್ಟಡ: ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಕಲ್ವಾ?

ಸೈಟ್‌ಮನುಷ್ಯ: ನೀರು ನಿಲ್ಲೋ ಜಾಗಕ್ಕೆ ಸುಮ್ನೆ ಪೇಂಟ್ ಹೊಡೆದು ಪ್ರಯೋಜನ ಇಲ್ಲ. ಮೊದಲು ಇಳಿಜಾರು ನೋಡಿ. ಹತ್ತಡಿಗೆ ಒಂದೂಕಾಲು ಇಂಚಾದರೂ ಬೇಕು. ಪೈಪಿನ ಬಾಯಿಯ ಸುತ್ತ ಬಿರುಕು ಇದೆಯಾ ನೋಡಿ. ಹೆಚ್ಚಿನ ಮನೆಗಳಲ್ಲಿ ಕಳ್ಳ ಅಲ್ಲೇ ಸಿಗ್ತಾನೆ.

ಮಳೆಮನೆ: ನೊರೆ ಬಂತು! ಪೈಪಿನ ಬಾಯಲ್ಲಿ ಎಲೆ ಕಟ್ಟಿತ್ತು, ಪಕ್ಕದಲ್ಲಿ ಬಿರುಕೂ ಇದೆ. ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಎರಡಡಿ ಜಾಗ ಡಬಡಬ ಅನ್ನುತ್ತೆ.

ಸೈಟ್‌ಮನುಷ್ಯ: ಇನ್ನು ತಟ್ಟಬೇಡಿ, ಕೆಳಗೆ ಕಾರೂ ನಿಲ್ಲಿಸಬೇಡಿ. ಸ್ಲ್ಯಾಬಿಗೆ ಕೆಳಗಿಂದ ಜಾಕಿ (ಆಸರೆ ಕಂಬ) ಕೊಟ್ಟು, ಟೊಳ್ಳು ಭಾಗವನ್ನು ಕಂಬಿಯ ಹಿಂದಿನವರೆಗೂ ಒಡೆಸಿ. ವೈರ್ ಬ್ರಷ್‌ನಲ್ಲಿ ಉಜ್ಜಿಸಿ, ತುಕ್ಕು ತಡೆಯೋ ಜಿಂಕ್ ಪ್ರೈಮರ್ ಬಳಿದು, ಪಾಲಿಮರ್ ಗಾರೆ (ಅಂಟು ಬೆರೆಸಿದ ಸಿಮೆಂಟ್ ಗಾರೆ) ತುಂಬಿಸಿ. ಕಂಬಿ ಕಾಲುಭಾಗದಷ್ಟು ಸವೆದಿದ್ದರೆ ಇಂಜಿನಿಯರ್ ನೋಡದೆ ಮುಚ್ಚಿಸಬೇಡಿ. ಅಂಚಿನ ಅಡಿಯಲ್ಲಿ ಡ್ರಿಪ್ ಗ್ರೂವ್ (ಉದ್ದಕ್ಕೂ ಸಣ್ಣ ತೋಡು) ಬಿಡಿಸಿ, ನೀರು ಅಲ್ಲೇ ತೊಟ್ಟಿಕ್ಕುತ್ತೆ, ಒಳಗೆ ಹರಿದು ಬರಲ್ಲ. ಇದೆಲ್ಲ ಜನವರಿ ಕೆಲಸ. ಅಲ್ಲಿವರೆಗೆ ಎಲೆ ತೆಗೀತಿರಿ, ಬಿರುಕಿನ ಮೇಲೆ ಟಾರ್ಪಾಲ್ ಹಾಕಿಡಿ.