ಬಾತ್‌ರೂಮ್ ಪಕ್ಕದ ಗೋಡೆ ಒದ್ದೆ: ರಿಪೇರಿ ಯಾರು ಮಾಡಿಸಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು:
ನಾವು ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಬೆಡ್‌ರೂಮಿನ ಒಂದು ಗೋಡೆಯ ಆಚೆ ಬಾತ್‌ರೂಮ್ ಇದೆ. ಆ ಗೋಡೆ ಈಗ ಮೊಣಕಾಲೆತ್ತರದವರೆಗೆ ಒದ್ದೆಯಾಗಿದೆ. ಪೇಂಟ್ ಉಬ್ಬಿ ಚಕ್ಕೆ ಚಕ್ಕೆಯಾಗಿ ಬೀಳುತ್ತಿದೆ. ಬೀರುವಿನಲ್ಲಿರುವ ಬಟ್ಟೆಗೆಲ್ಲ ಮುಗ್ಗಲು ವಾಸನೆ. ಓನರ್‌ಗೆ ಹೇಳಿದರೆ, "ನೀವು ಬಂದಾಗ ಗೋಡೆ ಚೆನ್ನಾಗಿತ್ತು. ನೀವು ಕಿಟಕಿ ತೆಗೆಯಲ್ಲ, ನೀರು ಜಾಸ್ತಿ ಸುರೀತೀರಿ, ಅದಕ್ಕೇ ಹೀಗಾಗಿರೋದು. ನೀವೇ ಮಾಡಿಸಿ, ಇಲ್ಲಾಂದ್ರೆ ಅಡ್ವಾನ್ಸ್‌ನಲ್ಲಿ ಹಿಡ್ಕೋತೀನಿ" ಅಂದರು. ಗೋಡೆಯೊಳಗೆ ಪೈಪ್ ಸೋರುತ್ತಿದೆ ಅಂತ ನಮ್ಮ ಅನುಮಾನ. ಈಗ ಅವರು ಫೋನ್ ಎತ್ತುವುದೂ ಇಲ್ಲ. ನಾವೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳೋಣ ಅಂತಿದ್ದೇವೆ. ಇಂಥದ್ದು ಎದುರಿಸಿದವರು ಏನು ಮಾಡಿದಿರಿ?

ಬಾಡಿಗೆ ಮನೆಯಲ್ಲಿರುವ ಒಬ್ಬರು:
ದಯವಿಟ್ಟು ಬಾಡಿಗೆ ಮುರಿಯಬೇಡಿ, ಈಗಲೇ ಬೇಡ. ನಮಗೂ ಹೆಚ್ಚುಕಮ್ಮಿ ಇದೇ ಆಗಿತ್ತು. ಬಾಡಿಗೆ ನಿಲ್ಲಿಸಿದ ದಿನವೇ ಮಾತು ಗೋಡೆಯಿಂದ ಬಾಡಿಗೆಗೆ ತಿರುಗುತ್ತದೆ. ಆಮೇಲೆ ತೇವದ ವಿಷಯ ಯಾರೂ ಕೇಳುವುದಿಲ್ಲ, "ಬಾಡಿಗೆ ಕೊಡದವರು" ಅನ್ನೋ ಮಾತೊಂದೇ ಉಳಿಯುತ್ತದೆ.

ಖರ್ಚು ಯಾರದು ಅನ್ನೋದು ಎರಡನೇ ಪ್ರಶ್ನೆ. ನೀರು ಎಲ್ಲಿಂದ ಬರುತ್ತಿದೆ ಅನ್ನೋದು ಮೊದಲನೆಯದು. ಅದು ಗೊತ್ತಾಗುವವರೆಗೆ ಅವರು ಹೇಳುವುದೂ ಊಹೆ, ನೀವು ಹೇಳುವುದೂ ಊಹೆ. ಗೊತ್ತಾದರೆ ಜಗಳ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು.

ಮನೆಯಲ್ಲೇ ಮಾಡಿ ನೋಡಬಹುದಾದದ್ದು ಹೇಳುತ್ತೇನೆ. ಗೋಡೆಯ ಒಂದು ಜಾಗ ಒಣ ಬಟ್ಟೆಯಿಂದ ಒರೆಸಿ, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಾಕಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಅಂದರೆ ಗೋಡೆ ಕಡೆ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ರೂಮಿನ ಕಡೆ ಹನಿ ಕೂತಿದ್ದರೆ ಅದು ರೂಮಿನ ಗಾಳಿಯ ತೇವ. ಹಾಗಿದ್ದರೆ ನಿಮ್ಮ ಓನರ್ ಕಿಟಕಿ ಬಗ್ಗೆ ಹೇಳಿದ್ದರಲ್ಲಿ ಸತ್ಯ ಇದೆ ಅಂತ ಒಪ್ಪಬೇಕಾಗುತ್ತದೆ.

ಇನ್ನೊಂದು ಗುರುತು: ಪೇಂಟ್ ಉದುರಿದ ಕಡೆ ಬೆರಳಾಡಿಸಿ ನೋಡಿ. ಬಿಳಿ ಪುಡಿ ಕೈಗೆ ಹತ್ತಿದರೆ ಅದು ಉಪ್ಪು. ನೀರು ಇಟ್ಟಿಗೆ, ಗಾರೆಯೊಳಗೆ ಹರಿದು ಬಂದು ಹೊರಗೆ ಒಣಗುವಾಗ ಬಿಟ್ಟುಹೋಗುವ ಉಪ್ಪು ಅದು. ಉಸಿರಿನ ತೇವ, ಸ್ನಾನದ ಹಬೆಯಿಂದ ಹೀಗೆ ಉಪ್ಪೇಳುವುದಿಲ್ಲ. ಅದರಿಂದ ಸಾಮಾನ್ಯವಾಗಿ ಮೂಲೆಗಳಲ್ಲಿ, ಬೀರುವಿನ ಹಿಂದೆ ಕಪ್ಪು ಬೂಷ್ಟು ಬರುತ್ತದೆ, ಅಷ್ಟೆ. ನೆಲದ ತೇವ ಮೇಲೇರಿದೆ ಅಂತ ಯಾರಾದರೂ ಅಂದರೆ, ನೀವಿರುವುದು ಮೊದಲ ಮಹಡಿ, ಆ ಮಾತು ನಿಮಗೆ ಹೊಂದುವುದೇ ಇಲ್ಲ.

ಪೈಪಿನ ಅನುಮಾನಕ್ಕೆ: ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಮೀಟರಿನ ಅಂಕಿ ಫೋಟೋ ತೆಗೆಯಿರಿ. ಯಾರೂ ನೀರು ಮುಟ್ಟದೆ ಬೆಳಿಗ್ಗೆ ಅಂಕಿ ಮುಂದಕ್ಕೆ ಹೋಗಿದ್ದರೆ ಎಲ್ಲೋ ಸೋರಿಕೆ ಇದೆ. ನೀರು ಟ್ಯಾಂಕಿನಿಂದ ಇಳಿಯುವ ಮನೆಯಾದರೆ, ಟ್ಯಾಂಕಿಗೆ ತುಂಬುವ ವಾಲ್ವ್ ಮುಚ್ಚಿ, ಮಟ್ಟಕ್ಕೆ ಒಂದು ಗೆರೆ ಹಾಕಿ ನೋಡಿ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ಅಲ್ಲಿನ ವಾಷರ್ ಹೋಗಿದೆ. ಅದಕ್ಕೂ ಗೋಡೆಗೂ ಸಂಬಂಧ ಇಲ್ಲ, ಆದರೆ ಮೀಟರ್ ಓಡಲು ಅದೇ ಕಾರಣ ಇರಬಹುದು. ಮೊದಲು ಇದನ್ನು ನೋಡಿಕೊಂಡರೆ ಸುಮ್ನೆ ಟೈಲ್ಸ್ ಒಡೆಸುವುದು ತಪ್ಪುತ್ತದೆ.

ಗಾರೆ ಕೆಲಸ ಮಾಡಿಸುವವರು:
ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಮೀಟರ್ ಅಲ್ಲಾಡದಿದ್ದರೆ ಸೋರಿಕೆ ಇಲ್ಲ ಅಂತ ತಿಳಿಯಬೇಡಿ. ಮೀಟರ್ ಹೇಳುವುದು ನೀರು ಬರುವ ಪೈಪಿನ ಕಥೆ ಮಾತ್ರ. ನೀರು ಹೊರಗೆ ಹೋಗುವ ಪೈಪ್, ಟೈಲ್ಸ್ ಸಂದು, ನೆಲದ ಜಾಲರಿಯ ಸುತ್ತ ಸೋರಿದರೆ ಮೀಟರಿಗೆ ಗೊತ್ತಾಗುವುದಿಲ್ಲ. ನಾನು ನೋಡಿದ ಇಂಥ ಗೋಡೆಗಳಲ್ಲಿ ಜಾಸ್ತಿ ಇದೇ ಕಾರಣ.

ಅದಕ್ಕೆ ಬಾತ್‌ರೂಮಿನ ಹೊರಹೋಗುವ ಬಾಯಿ ಗಟ್ಟಿಯಾಗಿ ಮುಚ್ಚಿ, ನೆಲದ ಮೇಲೆ ಎರಡು ಬೆರಳಷ್ಟು ನೀರು ನಿಲ್ಲಿಸಿ ಒಂದು ದಿನ ಬಿಡಬೇಕು. ಪಕ್ಕದ ಗೋಡೆಯ ತೇವದ ಅಂಚಿಗೆ ಪೆನ್ಸಿಲ್ ಗೆರೆ ಎಳೆದಿರಬೇಕು. ತೇವ ಗೆರೆ ದಾಟಿದರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿರುವ ಸಾಧ್ಯತೆಯೇ ಜಾಸ್ತಿ. ಇದನ್ನು ನೀವೊಬ್ಬರೇ ಮಾಡಬೇಡಿ. ಕೆಳಗಿನ ಮನೆಯವರಿಗೂ ಓನರ್‌ಗೂ ಮೊದಲೇ ಹೇಳಿ, ಅವರ ಎದುರಲ್ಲೇ ಮಾಡಿ. ಕೆಳಗೆ ಚಾವಣಿ ಒದ್ದೆಯಾದರೆ ಅದೂ ನಿಮ್ಮ ತಲೆಗೆ ಬರುತ್ತದೆ.

ಇನ್ನೊಂದು, ತೇವ ಇರುವಾಗಲೇ ಪುಟ್ಟಿ ಹಾಕಿ ಪೇಂಟ್ ಹೊಡೆದುಬಿಡೋಣ ಅಂತ ಯಾರು ಹೇಳಿದರೂ ಒಪ್ಪಬೇಡಿ. ಸೋರಿಕೆ ನಿಂತ ಮೇಲೂ ಗೋಡೆ ಒಣಗಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಅಂತ ನಮ್ಮಲ್ಲಿ ಲೆಕ್ಕ. ಅದಕ್ಕೆ ಮುಂಚೆ ಹೊಡೆದ ಪೇಂಟ್ ಮತ್ತೆ ಉದುರುತ್ತದೆ, ಮತ್ತೆ ನಿಮ್ಮಿಬ್ಬರ ನಡುವೆ ಅದೇ ಜಗಳ.

ಇನ್ನೊಬ್ಬರು:
ಆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಅಥವಾ ಪ್ಲಗ್ ಇದೆಯಾ? ಇದ್ದರೆ ಇವತ್ತೇ ಆ ಲೈನಿನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಖರ್ಚು ಯಾರದು ಅಂತ ಕಾಯುವ ವಿಷಯ ಅಲ್ಲ ಇದು. ಓನರ್‌ಗೆ ಒಂದು ಮೆಸೇಜ್ ಹಾಕಿ ಮಾಡಿಸಿಬಿಡಿ, ಬಿಲ್ ಇಟ್ಟುಕೊಳ್ಳಿ.

ಮನೆ ಬಾಡಿಗೆಗೆ ಕೊಟ್ಟಿರುವ ಒಬ್ಬರು:
ಓನರ್ ಕಡೆಯಿಂದ ನಾನೂ ಒಂದಿಷ್ಟು ಹೇಳಬಹುದಾ? ನಿಮ್ಮ ಓನರ್ ಫೋನ್ ಎತ್ತದಿರುವುದು ತಪ್ಪು. ಆದರೆ ನಮಗೆ ಏನು ಅನ್ನಿಸುತ್ತದೆ ಅಂತಲೂ ಕೇಳಿ. "ಗೋಡೆ ಹಾಳಾಗಿದೆ, ಬೇಗ ಮಾಡಿಸಿ" ಅಂತ ಫೋನ್ ಬಂದರೆ ಅದು ಎಷ್ಟು ದೊಡ್ಡ ಕೆಲಸ, ಯಾರನ್ನು ಕಳಿಸಬೇಕು, ಯಾವಾಗ ಬಂದರೆ ಬಾಗಿಲು ತೆಗೆಯುತ್ತಾರೆ, ಒಂದೂ ಗೊತ್ತಾಗುವುದಿಲ್ಲ. ಖರ್ಚಿನ ಭಯಕ್ಕೆ ಮೊದಲು ಬಾಯಿಗೆ ಬರುವುದೇ "ನೀವೇ ಮಾಡಿದ್ದು" ಅನ್ನೋ ಮಾತು. ನನ್ನ ಬಾಡಿಗೆದಾರರೊಬ್ಬರು ಒಮ್ಮೆ ಹೀಗೆ ಬರೆದು ಕಳಿಸಿದ್ದರು, ಅದನ್ನು ಓದಿ ನಾನು ಮಾರನೇ ದಿನವೇ ಹೋದೆ:

"ಬೆಡ್‌ರೂಮಿನ ಬಾತ್‌ರೂಮ್ ಪಕ್ಕದ ಗೋಡೆ ನೆಲದಿಂದ ಒಂದೂವರೆ ಅಡಿವರೆಗೆ ಒದ್ದೆಯಾಗಿದೆ. ಕಳೆದ ವಾರ ಫೋನಿನಲ್ಲಿ ತಿಳಿಸಿದ್ದೆವು. ಈಗ ಇನ್ನೂ ಹರಡಿದೆ, ಎರಡೂ ದಿನದ ಫೋಟೋ ಕಳಿಸಿದ್ದೇವೆ. ಕಾರಣ ಏನು ಅಂತ ನೋಡಲು ನೀವು ನಂಬುವ ಪ್ಲಂಬರ್ ಜೊತೆ ಬನ್ನಿ. ಶನಿವಾರ, ಭಾನುವಾರ ನಾವು ಮನೆಯಲ್ಲಿರುತ್ತೇವೆ. ನಮ್ಮ ಬಳಕೆಯಿಂದ ಆಗಿದ್ದರೆ ನಮ್ಮ ಪಾಲು ನಾವು ಕೊಡುತ್ತೇವೆ."

ಕೊನೆಯ ವಾಕ್ಯ ನೋಡಿ. ನನಗೆ ಜಗಳ ಆಡಲು ಏನೂ ಉಳಿಯಲಿಲ್ಲ. "ನೀವು ನಂಬುವ ಪ್ಲಂಬರ್" ಅಂದದ್ದೂ ಅಷ್ಟೇ ಮುಖ್ಯ. ಬಾಡಿಗೆಯವರು ಕರೆತಂದವರ ಮಾತನ್ನು ಓನರ್ ನಂಬುವುದಿಲ್ಲ, ಓನರ್ ಕರೆತಂದವರನ್ನು ಬಾಡಿಗೆಯವರು ನಂಬುವುದಿಲ್ಲ. ಅದಕ್ಕೆ ಪ್ಲಂಬರ್ ತಪಾಸಣೆ ಮಾಡುವಾಗ ಇಬ್ಬರೂ ನಿಂತು ನೋಡಬೇಕು.

ಖರ್ಚಿನ ವಿಷಯಕ್ಕೆ, ನಿಮ್ಮ ಅಗ್ರಿಮೆಂಟಿನಲ್ಲಿ ರಿಪೇರಿ ಬಗ್ಗೆ ಏನಿದೆ ಅಂತ ಮೊದಲು ಓದಿ. ಏನೂ ಬರೆದಿಲ್ಲದಿದ್ದರೆ ನಾನು ನ್ಯಾಯ ಅಂದುಕೊಳ್ಳುವುದು ಹೀಗೆ: ಗೋಡೆ, ಚಾವಣಿ, ಗೋಡೆಯೊಳಗಿನ ಪೈಪ್, ವೈರಿಂಗ್, ವಾಟರ್‌ಪ್ರೂಫಿಂಗ್ ಓನರ್‌ದು. ನಲ್ಲಿಯ ವಾಷರ್, ಕಟ್ಟಿಕೊಂಡ ಜಾಲರಿ, ಬಲ್ಬ್ ಬಾಡಿಗೆಯವರದು. ಬಾಡಿಗೆಯವರ ಕೈಯಿಂದ ಒಡೆದದ್ದು ಬಾಡಿಗೆಯವರದೇ. ಹಳೆಯದಾಗಿ ಸವೆದದ್ದು ಯಾರ ತಪ್ಪೂ ಅಲ್ಲ, ಆದರೆ ಖರ್ಚು ಮನೆ ಯಾರದೋ ಅವರದು. "ನೀವು ಬಂದಾಗ ಚೆನ್ನಾಗಿತ್ತು" ಅನ್ನೋ ವಾದ ಇಲ್ಲಿ ನಿಲ್ಲುವುದಿಲ್ಲ. ಟೈಲ್ಸ್ ಸಂದಿನ ಸಿಮೆಂಟ್ ಯಾರು ವಾಸವಿದ್ದರೂ ಸವೆಯುತ್ತದೆ. ಬಾತ್‌ರೂಮ್ ಇರುವುದೇ ನೀರು ಸುರಿಯಲು ಅಲ್ವಾ?

ಆದರೆ ಒಂದು ಮಾತು. ತೇವ ಕಂಡ ಕೂಡಲೇ ಹೇಳದೆ ತಿಂಗಳುಗಟ್ಟಲೆ ಸುಮ್ಮನಿದ್ದು, ಅದರಿಂದ ಹಾನಿ ಬೆಳೆದಿದ್ದರೆ ಆ ಭಾಗಕ್ಕೆ ಬಾಡಿಗೆಯವರೂ ಹೊಣೆ. ಅದಕ್ಕೇ ಹೇಳಿದ ದಿನ ಬರಹದಲ್ಲಿ ಇರಬೇಕು.

ಮತ್ತೊಬ್ಬರು:
ಬಾಡಿಗೆಯಲ್ಲಿ ಮುರಿದುಕೊಳ್ಳುವುದೇ ಬೇಡ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾವು ಹಾಗೆ ಮಾಡಿದ್ದೇವೆ, ತೊಂದರೆ ಆಗಲಿಲ್ಲ. ಆದರೆ ಮೊದಲು ಎಸ್ಟಿಮೇಟ್ ಕಳಿಸಿ, "ಇಷ್ಟಕ್ಕೆ ಮಾಡಿಸಿ, ಮುಂದಿನ ಬಾಡಿಗೆಯಲ್ಲಿ ಕಳೆಯಿರಿ" ಅಂತ ಓನರ್ ಕೈಯಲ್ಲೇ ಮೆಸೇಜ್ ಹಾಕಿಸಿಕೊಂಡಿದ್ದೆವು. ಆ ಒಂದು ಸಾಲು ಇದ್ದರೆ ಮಾಡಿ. ಇಲ್ಲದಿದ್ದರೆ ಬಾಡಿಗೆ ತಪ್ಪದೆ ಕಟ್ಟುತ್ತಲೇ ನಿಮ್ಮ ಹಕ್ಕು ಕೇಳಿ. ಅವರು ಬರಹಕ್ಕೂ ಉತ್ತರಿಸದಿದ್ದರೆ ಇಬ್ಬರಿಗೂ ಬೇಕಾದ ಹಿರಿಯರನ್ನೋ ಅಪಾರ್ಟ್‌ಮೆಂಟ್ ಸಂಘದವರನ್ನೋ ನಡುವೆ ಕೂರಿಸಿ. ಅದಕ್ಕೂ ಬಗ್ಗದಿದ್ದರೆ ವಕೀಲರ ಹತ್ತಿರ ಹೋಗಿ, ಅಲ್ಲಿ ಈ ಮೆಸೇಜ್, ಫೋಟೋಗಳೇ ಕೆಲಸಕ್ಕೆ ಬರುವುದು.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೋಡೆಯಲ್ಲಿ ಒಂದು ಪ್ಲಗ್ ಇತ್ತು, ಅದರ ಎಂಸಿಬಿ ಇಳಿಸಿದ್ದೇವೆ. ಪ್ಲಾಸ್ಟಿಕ್ ಹಾಳೆಯ ಹಿಂದೆ ಹನಿ ಕೂತಿತ್ತು, ರೂಮಿನ ಕಡೆ ಒಣಗಿತ್ತು. ಬಿಳಿ ಪುಡಿಯೂ ಕೈಗೆ ಹತ್ತಿತು. ಮೀಟರ್ ಅಲ್ಲಾಡಲಿಲ್ಲ. ಅಂದರೆ ಪೈಪ್ ಅಂತ ನಾವಂದುಕೊಂಡದ್ದು ಬಹುಶಃ ಅಲ್ಲ, ಬಾತ್‌ರೂಮಿನ ನೆಲದಿಂದಲೇ ಬರುತ್ತಿರಬೇಕು. ಮೇಲಿನ ಮಾದರಿಯಲ್ಲೇ ಬರೆದು ಫೋಟೋ ಸಮೇತ ಕಳಿಸಿದೆ. ಓನರ್ ಸಂಜೆಯೇ ಫೋನ್ ಮಾಡಿದರು, ಧ್ವನಿಯಲ್ಲಿ ಮೊದಲಿನ ಸಿಟ್ಟಿರಲಿಲ್ಲ. ಕೆಳಗಿನ ಮನೆಯವರಿಗೆ ಅವರೇ ಹೇಳಿ, ಶನಿವಾರ ನೀರು ನಿಲ್ಲಿಸಿ ನೋಡೋಣ ಅಂದಿದ್ದಾರೆ. ನೆಲದ ದೋಷ ಅಂತ ಗೊತ್ತಾದರೆ ಅವರೇ ಮಾಡಿಸುತ್ತಾರಂತೆ, ಇದನ್ನೂ ಮೆಸೇಜಿನಲ್ಲಿ ಹಾಕಿಸಿಕೊಂಡೆ.

ಟೈಲ್ಸ್ ಒಡೆಯುವಾಗ ಬಾತ್‌ರೂಮ್ ಬಳಸಲು ಆಗದ ದಿನಗಳಿಗೆ ಏನು ವ್ಯವಸ್ಥೆ ಅಂತ ಇನ್ನೂ ಮಾತಾಡಿಲ್ಲ. ಯಾರಾದರೂ ಅದನ್ನು ಮೊದಲೇ ಮಾತಾಡಿಕೊಂಡಿದ್ದರೆ ಹೇಳಿ.

ಮನೆ ಬಾಡಿಗೆಗೆ ಕೊಟ್ಟಿರುವವರು:
ಶನಿವಾರವೇ ಕೇಳಿ, ಕೆಲಸದವರು ಎದುರಿಗಿರುವಾಗ. ಎಷ್ಟು ದಿನ ಹಿಡಿಯುತ್ತದೆ ಅಂತ ಅವರ ಬಾಯಿಂದಲೇ ಬಂದರೆ ಆ ದಿನಗಳ ಬಾಡಿಗೆ ಬಿಡುವುದೋ, ಬೇರೆ ಬಾತ್‌ರೂಮ್ ಕೊಡಿಸುವುದೋ ಅಂತ ಅಲ್ಲೇ ತೀರ್ಮಾನ ಆಗುತ್ತದೆ. ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮುಂಚೆ ಇನ್ನೊಮ್ಮೆ ನೀರು ನಿಲ್ಲಿಸಿ ನೋಡಲು ಹೇಳುವುದನ್ನು ಮರೆಯಬೇಡಿ.