ಮೇಜಿನಡಿ ಕೂತವನ ಕಸುಬು

“ಐದು ರೂಪಾಯಿ ಬಿಸ್ಕತ್ತಿನ ಪೊಟ್ಟಣ ನೋಡ್ರೋ! ಬೆಲೆ ಅಷ್ಟೇ, ಒಳಗೆ ಗಾಳಿ ಜಾಸ್ತಿ. ಕಲಿಗಾಲ!” ಅಂದ ರಾಜಪ್ಪ.

“ಕಲಿಗಾಲ ಅಲ್ಲ ಕಣೋ, 1266ರ ಇಂಗ್ಲೆಂಡು,” ಅಂದ ಶೀನಿ. ಇವನ ಬಾಯಿಗೆ ಯಾವ ಮಾತು ಸಿಕ್ಕಿದರೂ ಅದು ಕೊನೆಗೆ ಹೋಗಿ ಬೀಳೋದು ಯುರೋಪಿನ ಮಧ್ಯಯುಗಕ್ಕೇ. ಹಿಂದೊಮ್ಮೆ ನಮ್ಮ ಬೀದಿ ಚರಂಡಿ ವಿಚಾರ ತೆಗೆದರೆ ನೇರ ಪ್ಲೇಗಿಗೆ ಹೋಗಿದ್ದ.

“ಅಲ್ಲೂ ಬಿಸ್ಕತ್ತಿತ್ತೇನಪ್ಪ?” ಅಂದ್ರು ಪದ್ಮಕ್ಕ.

“ಬ್ರೆಡ್ಡು ಅಕ್ಕ. ಮೂರನೇ ಹೆನ್ರಿ ರಾಜನ ಕಾಲದ ಕಾನೂನು. ಕಾಲು ಪೆನ್ನಿ ಬ್ರೆಡ್ಡು ಯಾವತ್ತೂ ಕಾಲು ಪೆನ್ನಿನೇ. ಗೋಧಿ ತುಟ್ಟಿಯಾದ್ರೆ ಬೆಲೆ ಏರ್ತಿರಲಿಲ್ಲ, ಬ್ರೆಡ್ಡು ಸೊರಗ್ತಿತ್ತು. ಎಷ್ಟು ಸೊರಗಬೇಕು ಅನ್ನೋ ಪಟ್ಟೀನೂ ಕಾನೂನಿನಲ್ಲೇ ಇತ್ತು.”

“ಹಾಗಾದ್ರೆ ನಮ್ಮ ಬಿಸ್ಕತ್ತಿನವರು ಪಾಪ, ಪರಂಪರೆ ಉಳಿಸ್ತಿದ್ದಾರೆ ಅನ್ನು.”

“ಪಟ್ಟಿಗಿಂತ ತೂಕ ಕಮ್ಮಿ ಬಂತೋ, ಲಂಡನ್ನಿನಲ್ಲಿ ಬೇಕರಿಯವನನ್ನ ಹೆಣೆದ ತಟ್ಟಿ ಮೇಲೆ ಹಾಕಿ ಎಳೆಸೋರು, ಕತ್ತಿಗೆ ಅದೇ ಬ್ರೆಡ್ಡು ನೇತುಹಾಕಿ! ಗಿಲ್ಡ್‌ಹಾಲ್ ಅನ್ನೋ ನಗರಾಡಳಿತದ ಕಟ್ಟಡದಿಂದ ಹೊರಟು, ಹೆಚ್ಚು ಜನ ಸೇರಿರೋ, ಹೆಚ್ಚು ಕೊಳಕಾಗಿರೋ ಬೀದಿಗಳಲ್ಲೇ ಎಳೀಬೇಕು ಅಂತ ನಿಯಮ.”

“ನಮ್ಮೂರಲ್ಲಾದ್ರೆ ಯಾವ ಬೀದಿ ಅಂತ ಆರಿಸೋದಕ್ಕೇ ಒಂದು ಸಮಿತಿ ಬೇಕು,” ಅಂದ ರಾಜಪ್ಪ.

“ಎರಡನೇ ಸಲ ಸಿಕ್ಕಿಬಿದ್ರೆ ಹಲಗೆಯ ತೂತಲ್ಲಿ ತಲೆ, ಕೈ ತೂರಿಸಿ ಒಂದು ಗಂಟೆ ನಿಲ್ಲಿಸೋದು. ಮೂರನೇ ಸಲಕ್ಕೆ ಒಲೆ ಕೆಡವಿ, ಕಸುಬೇ ಬಿಡಿಸೋದು.”

“ಕುಡಿಯೋದ್ರಲ್ಲಿ ಮೋಸ ಮಾಡಿದವನಿಗೆ?” ರಾಜಪ್ಪನ ಆಸಕ್ತಿ ಯಾವತ್ತೂ ಅತ್ತಲೇ.

“1364ರಲ್ಲಿ ಜಾನ್ ಪೆನ್‌ರೋಸ್ ಅಂತ ಒಬ್ಬ ಕೆಟ್ಟ ವೈನು ಮಾರಿದ್ದ. ಅವನ ವೈನನ್ನ ಅವನಿಗೇ ಕುಡಿಸಿದ್ರು. ಉಳಿದದ್ದನ್ನ ತಲೆ ಮೇಲೆ ಸುರಿದ್ರು.”

“ಉಳಿದದ್ದು ಸುರಿಯೋದಾ? ಅದು ಮಾತ್ರ ಅನ್ಯಾಯ.”

“ಇಷ್ಟು ಬಿಗಿ ಇದ್ದ ಮೇಲೆ ಮೋಸ ನಿಂತೇ ಹೋಗಿರಬೇಕು ಅಲ್ವಾ?” ಅಂದೆ ನಾನು. ಶೀನಿ ಇಂಥ ಪ್ರಶ್ನೆಗೇ ಕಾದಿರ್ತಾನೆ.

“ನಿಲ್ಲೋದಾ? ಬುದ್ಧಿ ಚುರುಕಾಯ್ತು! 1327, ಲಂಡನ್ನು, ಜಾನ್ ಬ್ರಿಡ್ ಅನ್ನೋ ಬೇಕರಿಯವನು. ಎಷ್ಟೋ ಮನೆಗಳಲ್ಲಿ ಬ್ರೆಡ್ಡು ಸುಡೋ ಒಲೆ ಇರಲಿಲ್ಲ. ಹಿಟ್ಟು ಕಲಸಿ ತಂದು ಇವನ ಹತ್ರ ಸುಡಿಸಿಕೊಂಡು ಹೋಗೋರು. ಇವನು ಹಿಟ್ಟು ಇಡೋ ಮೇಜಿಗೇ ಒಂದು ತೂತು ಕೊರೆಸಿದ್ದ, ಅದಕ್ಕೊಂದು ಪುಟ್ಟ ಬಾಗಿಲು. ಇಲಿಬೋನಿನ ಹಾಗೆ ಅಂತ ದಾಖಲೆಯಲ್ಲೇ ಇದೆ. ಮೇಜಿನಡಿ ಇವನ ಆಳೊಬ್ಬ ಗುಟ್ಟಾಗಿ ಕೂತಿರ್ತಿದ್ದ. ಗಿರಾಕಿ ತನ್ನ ಹಿಟ್ಟಿನ ಎದುರಿಗೇ ನಿಂತಿರ್ತಾನೆ, ಆಳು ಕೆಳಗಿನಿಂದ ಚೂರುಚೂರೇ ಕಿತ್ತುಕೊಳ್ತಾನೆ!”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಎಲ್ಲರ ಮುಖದಲ್ಲೂ ಒಂಥರಾ ಗೌರವ.

“ಮೇಜಿನಡಿ ದಿನವಿಡೀ ಕೂತವನ ಸೊಂಟದ ಗತಿ?” ಅಂದ ರಾಜಪ್ಪ. ಇವನಿಗೂ ಬೆನ್ನುನೋವಿದೆ.

“ಸಿಕ್ಕಿಬಿದ್ರಾ?” ಅಂದ್ರು ಪದ್ಮಕ್ಕ.

“ಬ್ರಿಡ್ ಒಬ್ಬನೇ ಅಲ್ಲ, ಸುಮಾರು ಜನ ಬೇಕರಿಯವರ ಮೇಜಿಗೆ ತೂತಿತ್ತು! ಯಾರ ಮೇಜಿನಡಿ ಹಿಟ್ಟು ಸಿಕ್ತೋ ಅವರ ಕತ್ತಿಗೆ ಆ ಹಿಟ್ಟನ್ನೇ ಕಟ್ಟಿ ಹಲಗೆಗೆ ಸಿಕ್ಕಿಸಿದ್ರು. ತೂತಿದ್ದು ಹಿಟ್ಟು ಸಿಗದವರನ್ನ ಕತ್ತಿಗೆ ಏನೂ ಕಟ್ಟದೆ ಹಲಗೆಯಲ್ಲಿ ನಿಲ್ಲಿಸಿದ್ರು. ಸೇಂಟ್ ಪಾಲ್ಸ್ ಚರ್ಚಿನ ಸಂಜೆ ಪ್ರಾರ್ಥನೆ ಮುಗಿಯೋವರೆಗೂ.”

“ಎಲ್ಲಾ ಗಂಡಸರೇನಾ?”

“ಇಬ್ಬರು ಹೆಂಗಸರೂ ಇದ್ರು ಅಕ್ಕ. ‘ನಮಗೆ ಗಂಡಂದಿರಿದ್ದಾರೆ, ಈ ಕೆಲಸ ನಮ್ಮದಲ್ಲ’ ಅಂತ ವಾದಿಸಿದ್ರು. ಆದ್ರೂ ನ್ಯೂಗೇಟ್ ಜೈಲಿಗೆ ಕಳಿಸಿದ್ರು.”

“ನೋಡಿದ್ಯಾ!” ಪದ್ಮಕ್ಕ ತಟ್ಟನೆ ಎದ್ದುನಿಂತ್ರು. “ತೂತು ಕೊರೆದವನು ಮನೇಲಿ, ಜೈಲಿಗೆ ಹೆಂಡತಿ!”

“ಯಾಕೆ, ಅವರೇ ಕೊರೆದಿರಬಾರದಾ?” ಅಂದ ರಾಜಪ್ಪ.

“ಮೇಜಿಗೆ ತೂತು ಕೊರೆಯೋಕೆ ಹೆಂಗಸರಿಗೆ ಬಿಡುವೆಲ್ಲಿತ್ತೋ, ಹಿಟ್ಟು ನಾದೋದು ಬಿಟ್ಟು?”

ಶೀನಿ ಇದಕ್ಕೆ ಯಾವ ಇಸವೀನೂ ಹೇಳಲಿಲ್ಲ.